ಮೊಲವೋ, ಕಾಫ್ಕಾನೋ

ಸಾಹಿತ್ಯ ಓದುವವರಿಗೆ ಕಾಫ್ಕಾ ಎಂದರೆ ಒಂದು ಬೆಳಗ್ಗೆ ಹುಳುವಾಗಿ ಎದ್ದ ಗ್ರೆಗರ್ ಸಂಸನ ಕತೆ. ನನ್ನಂಥ ಸಾಫ್ಟ್‌ವೇರ್ ಕೆಲಸದವರಿಗೆ ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ತಂತ್ರಾಂಶವೂ ಹೌದು. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ, 2011ರಲ್ಲಿ ಮುಕ್ತ ತಂತ್ರಾಂಶವಾದ ಇದಕ್ಕೆ ಹೆಸರಿಟ್ಟವರು ಜೇ ಕ್ರೆಪ್ಸ್. ಬರೆಯುವುದಕ್ಕೆಂದೇ ಹದಗೊಳಿಸಿದ ವ್ಯವಸ್ಥೆಗೆ ಬರಹಗಾರನ ಹೆಸರೇ ಇರಲಿ ಎಂಬುದು ಅವರ ಯೋಚನೆ.

ಎರಡು ವರ್ಷದ ಹಿಂದೆ ನಮ್ಮ ತಂಡ, ರಕ್ತಪರೀಕ್ಷೆಯ ಫಲಿತಾಂಶವನ್ನು ರೋಗಿಗಳ ಮೊಬೈಲಿಗೆ ಮುಟ್ಟಿಸುವ ವ್ಯವಸ್ಥೆ ಕಟ್ಟುತ್ತಿತ್ತು. ಸಂದೇಶ ಹೊರಲು ಕಾಫ್ಕಾ ಬೇಕೋ, 2007ರಲ್ಲಿ ಬಂದ ರ‍್ಯಾಬಿಟ್‌ಎಂಕ್ಯೂ ಬೇಕೋ? ಎರಡೂ ಮುಕ್ತ, ಎರಡೂ ಪುಕ್ಕಟೆ. ವೇಗದ ಅಂಕಿಗಳನ್ನು ಹಿಡಿದು ವಾರವಿಡೀ ವಾದ ಮಾಡಿದೆವು. ನಮಗೆ ಬರುತ್ತಿದ್ದುದು ದಿನಕ್ಕೆ ಕೆಲವು ಸಾವಿರ ವರದಿ. ಅಷ್ಟಕ್ಕೆ ಯಾವುದಾದರೂ ಧಾರಾಳ ಸಾಕು.

ನಿಜವಾದ ವ್ಯತ್ಯಾಸ ನೆನಪಿನದು. ರ‍್ಯಾಬಿಟ್‌ನ ಸಾಮಾನ್ಯ ಸರತಿ ಅಂಚೆಯಣ್ಣನಿದ್ದಂತೆ. ಪಡೆದವರು ‘ಮುಟ್ಟಿತು’ ಎಂದರೆ ಸಂದೇಶ ಅಲ್ಲಿಂದ ಅಳಿಯುತ್ತದೆ. ಮುಟ್ಟದಿದ್ದರೆ ಮತ್ತೆ ಹೊತ್ತು ತರುತ್ತದೆ. ಕಾಫ್ಕಾ ಶಾನುಭೋಗರ ಕಡತ. ಬಂದದ್ದನ್ನೆಲ್ಲ ಸಾಲಾಗಿ ಬರೆದಿಡುತ್ತದೆ. ಎಲ್ಲಿಯವರೆಗೆ ಓದಿದೆವೆಂಬ ಗುರುತು ಓದುವವರದು. ನಾವೇನೂ ಹೇಳದಿದ್ದರೆ 7 ದಿನ ಕಾಯ್ದಿಡುತ್ತದೆ, ಹೇಳಿದರೆ ಎಂದೆಂದಿಗೂ. ಲೆಕ್ಕ ತಾಳೆಯಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಓದಬಹುದು. ಹಣದ ವಹಿವಾಟಿನಂಥ ಕೆಲಸಕ್ಕೆ ಇದು ವರ.

ನಮ್ಮ ವಾದ ಮುಗಿಸಿದವಳು ಹೊಸದಾಗಿ ಸೇರಿದ್ದ ಹುಡುಗಿ. “ಎಚ್‌ಐವಿ ರಿಪೋರ್ಟೂ ಇದರಲ್ಲೇ ಹೋಗತ್ತಲ್ವಾ? ತಲುಪಿದ ಮೇಲೂ ಅದು ಇಲ್ಲಿ ಯಾಕೆ ಬಿದ್ದಿರಬೇಕು?” ಎಂದಳು. ಮೂಲ ವರದಿ ಹೇಗೂ ಪ್ರಯೋಗಾಲಯದಲ್ಲಿ ಭದ್ರವಾಗಿರುತ್ತದೆ. ಹಾದಿಯಲ್ಲಿ ಇನ್ನೊಂದು ಪ್ರತಿ ಉಳಿದರೆ, ಅದು ಬೇರೆಯವರ ಕಣ್ಣಿಗೆ ಬೀಳದಂತೆ ಕಾಯುವ ಹೊಣೆಯೂ ನಮ್ಮದೇ. ಯಾರಿಗೂ ಮರುಮಾತು ಹೊಳೆಯಲಿಲ್ಲ. ಮೊಲವನ್ನೇ ಆರಿಸಿಕೊಂಡೆವು.

ಕಾಫ್ಕಾ ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡುವಂತೆ ಗೆಳೆಯ ಮ್ಯಾಕ್ಸ್ ಬ್ರಾಡ್‌ನನ್ನು ಕೇಳಿಕೊಂಡಿದ್ದ. ಅಂಥವನ ಹೆಸರು, ಬರೆದದ್ದನ್ನು ಕಾಯ್ದಿಡುವ ಯಂತ್ರಕ್ಕೆ! ಬ್ರಾಡ್ ಸುಡಲಿಲ್ಲ. ಹಾಗಾಗಿಯೇ 1925ರಲ್ಲಿ, ಕಾಫ್ಕಾ ತೀರಿಕೊಂಡ ಮರುವರ್ಷ, ‘ದಿ ಟ್ರಯಲ್’ ಹೊರಬಂತು. ಓದುಗನಾಗಿ ನಾನು ಬ್ರಾಡ್‌ಗೆ ಋಣಿ. ಆದರೆ ಯಾರದೋ ರಕ್ತದ ವರದಿ ಕಾದಂಬರಿಯಲ್ಲವಲ್ಲ. ಅದನ್ನು ಮುಟ್ಟಬೇಕಾದವರಿಗೆ ಮುಟ್ಟಿಸಿ ಮರೆತುಬಿಡುವುದು ಲೇಸು.