ಒಂದು ದಿರ್ಹಮಿನ ಆಟಗಳು

ಗಲ್ಫ್ ಎಂದೊಡನೆ ನಮ್ಮ ಊರಿನವರಿಗೆ ನೆನಪಾಗುವುದು ಚಿನ್ನ, ಸೆಂಟು, ಖರ್ಜೂರ, ಟೈಗರ್ ಬಾಮ್ ಮತ್ತು ಟೂ-ಇನ್-ವನ್ ಟೇಪ್ ರೆಕಾರ್ಡರ್. ಇಲ್ಲಿ ನೆಲೆಸಿದ ನಮ್ಮ ಪಟ್ಟಿಯೇ ಬೇರೆ: ವೀಸಾ, ಮನೆ ಬಾಡಿಗೆ, ಶಾಲೆಯ ಫೀಸು, ಸಾಲಿಕ್. ಈ ಎರಡೂ ಪಟ್ಟಿಗಳಲ್ಲಿ ಇಲ್ಲದ ಒಂದು ವಸ್ತುವಿನ ಬಗ್ಗೆ ಈ ಸಂಚಿಕೆಗೆ ಬರೆಯಬೇಕೆಂದು ಬಹಳ ದಿನಗಳ ಆಸೆ. ಅದು ಎಂಬತ್ತರ ದಶಕದ ಆರಂಭದ ವಿಡಿಯೋ ಗೇಮ್ ಪೆಟ್ಟಿಗೆ. ಆಳೆತ್ತರದ ಮರದ ಕಪಾಟು, ಅದರೊಳಗೊಂದು ಟಿ.ವಿ., ಕೆಳಗೆ ನಾಣ್ಯ ಹಾಕುವ ಕಿಂಡಿ. ಐವತ್ತು ದಾಟಿದ ವೈದ್ಯ ಬಿ.ಪಿ., ಶುಗರ್ ಬಗ್ಗೆ ನಾಲ್ಕು ಮಾತು ಬರೆಯುವುದು ಬಿಟ್ಟು ಮಕ್ಕಳ ಆಟದ ಬಗ್ಗೆ ಬರೆಯುವುದೇ ಎಂದು ಸಂಪಾದಕರು ಹುಬ್ಬೇರಿಸಬಹುದು. ಅವರ ಸಮಾಧಾನಕ್ಕಾಗಿ ನಡುವೆ ಸ್ವಲ್ಪ ವೈದ್ಯಕೀಯವನ್ನೂ ಸೇರಿಸಿದ್ದೇನೆ!

1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಎಲ್ಲರಿಗೂ ಗೊತ್ತು. ಅವುಗಳ ಚಿತ್ರವಿರುವ ಟೀ ಶರ್ಟುಗಳು ಇಂದಿಗೂ ಮಾಲ್‌ಗಳಲ್ಲಿ ಸಿಗುತ್ತವೆ. ನಾನು ಹೇಳಹೊರಟಿರುವುದು ಅವುಗಳ ಪಕ್ಕದಲ್ಲಿ ನಿಂತು ನಾಣ್ಯ ನುಂಗಿ, ಸದ್ದಿಲ್ಲದೆ ಮರೆಯಾದ ಬಡಪಾಯಿ ಆಟಗಳ ಕತೆ.

1984ರ ದುಬೈ

ನಮ್ಮ ಅಪ್ಪ 1976ರಲ್ಲಿ ದುಬೈಗೆ ಬಂದವರು. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನದ ರಜೆಯಲ್ಲಿ ಊರಿಗೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ನನಗೆ ಅಪ್ಪನೆಂದರೆ ನೀಲಿ ಇನ್‌ಲ್ಯಾಂಡಿನಂಥ ಒಂದು ಏರೋಗ್ರಾಮ್, ಇಲ್ಲವೇ ಯಾರೋ ಊರಿಗೆ ಬರುವವರ ಕೈಯಲ್ಲಿ ಕಳಿಸಿದ ಕ್ಯಾಸೆಟ್ಟಿನೊಳಗಿನ ದನಿ. ಆ ಕ್ಯಾಸೆಟ್ಟನ್ನು ಅಜ್ಜಿಯಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರೂ ಸುತ್ತ ಕೂತು ಕೇಳುತ್ತಿದ್ದರು. ಆದ್ದರಿಂದ ಅಪ್ಪ ನನಗೆಂದೇ ಹೇಳಿದ ಮಾತು ಅದರಲ್ಲಿ ಕಡಿಮೆ.

1984ರಲ್ಲಿ, ನನ್ನ ಎಂಟನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ, ಅಪ್ಪ ನನ್ನನ್ನೂ ಅಮ್ಮನನ್ನೂ ವಿಸಿಟ್ ವೀಸಾದಲ್ಲಿ ಕರೆಸಿಕೊಂಡರು. ಮಂಗಳೂರಿನಿಂದ ಬೊಂಬಾಯಿಗೆ ರಾತ್ರಿ ಬಸ್ಸು, ಅಲ್ಲಿಂದ ವಿಮಾನ. ಆ ಏಪ್ರಿಲ್ ತಿಂಗಳೇ ಸಂಭ್ರಮದ ತಿಂಗಳು. ರಾಕೇಶ್ ಶರ್ಮಾ 11ರಂದು ಬಾಹ್ಯಾಕಾಶದಿಂದ ಮರಳಿದ್ದರು. 13ರಂದು ಶಾರ್ಜಾದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿ ಮೊದಲ ಏಷ್ಯಾ ಕಪ್ ಗೆದ್ದಿತ್ತು. ನಾವು ಬಂದಿಳಿದಾಗ ಅಪ್ಪನ ಗೆಳೆಯರ ಬಾಯಲ್ಲಿ ಇನ್ನೂ ಅದೇ ಮಾತು.

ಅಂದಿನ ದುಬೈಯಲ್ಲಿ ಬೆರಳು ತೋರಿಸಿ ಹೇಳಬಹುದಾದ ಎತ್ತರದ ಕಟ್ಟಡ ಒಂದೇ: 1979ರಲ್ಲಿ ಉದ್ಘಾಟನೆಯಾದ 39 ಅಂತಸ್ತಿನ ವರ್ಲ್ಡ್ ಟ್ರೇಡ್ ಸೆಂಟರ್. ಅದರ ಆಚೆಗೆ ಬರೀ ಮರಳು. ಮಾಲ್ ಎಂಬ ಶಬ್ದ ಬಳಕೆಗೆ ಬಂದಿರಲಿಲ್ಲ. ದೇರಾದಲ್ಲಿ 1981ರಲ್ಲಿ ತೆರೆದಿದ್ದ ಅಲ್ ಘುರೈರ್ ಸೆಂಟರ್ ನೋಡಲು ಜನ ಜಾತ್ರೆಗೆ ಹೋದಂತೆ ಹೋಗುತ್ತಿದ್ದರು. ನಮ್ಮ ವಾಸ ಕರಾಮಾದಲ್ಲಿ. ವಾರಕ್ಕೆ ಒಂದೇ ರಜೆ, ಶುಕ್ರವಾರ. 2022ರಿಂದ ಶನಿವಾರ-ಭಾನುವಾರ ರಜೆ ಅನುಭವಿಸುತ್ತಿರುವ ಇಂದಿನ ಮಕ್ಕಳಿಗೆ ಆ ಒಂದು ಶುಕ್ರವಾರದ ಬೆಲೆ ತಿಳಿಯಲಿಕ್ಕಿಲ್ಲ.

ಶುಕ್ರವಾರ ಸಂಜೆ ಬಿಸಿಲಿಳಿದ ಮೇಲೆ ಅಪ್ಪ ನನ್ನನ್ನು ನಡೆಸಿಕೊಂಡೇ ಊದ್ ಮೆಥಾದ ಅಲ್ ನಾಸರ್ ಲೀಷರ್‌ಲ್ಯಾಂಡಿಗೆ ಕರೆದೊಯ್ದರು. 1979ರಲ್ಲಿ ಆರಂಭವಾದ ಈ ಜಾಗ ನಮ್ಮ ಅನಿವಾಸಿ ಕನ್ನಡಿಗರಿಗೆ ಹೊಸದಲ್ಲ. ಎಷ್ಟೋ ಸಂಗೀತ ಸಂಜೆಗಳನ್ನು, ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ನಾವು ಅಲ್ಲಿ ನೋಡಿದ್ದೇವೆ. ಆದರೆ ಹದಿಮೂರರ ಹುಡುಗನಿಗೆ ಅಲ್ಲಿ ಕಂಡದ್ದು ಎರಡೇ: ಮರುಭೂಮಿಯಲ್ಲಿ ಹೆಪ್ಪುಗಟ್ಟಿದ ಮಂಜಿನ ಅಂಗಳ, ಮತ್ತು ಟುಂಯ್ ಟುಂಯ್ ಎಂದು ಸದ್ದು ಮಾಡುತ್ತಾ ಸಾಲಾಗಿ ನಿಂತಿದ್ದ ಪೆಟ್ಟಿಗೆಗಳು. ಲಗೋರಿ, ಕುಟ್ಟಿದೊಣ್ಣೆ, ಚೆನ್ನೆಮಣೆಯಷ್ಟೇ ಗೊತ್ತಿದ್ದ ನನಗೆ ಅದು ಇಂದ್ರಲೋಕ.

ಒಂದು ಆಟಕ್ಕೆ ಒಂದು ದಿರ್ಹಮ್. ಅಂದಿನ ಲೆಕ್ಕದಲ್ಲಿ ಸುಮಾರು ಮೂರು ರೂಪಾಯಿ. ನಾಣ್ಯ ಹಾಕಿದ ಒಂದೇ ನಿಮಿಷಕ್ಕೆ ನಾನು ಸತ್ತುಹೋದೆ. ಅಪ್ಪ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಮೂರು ರೂಪಾಯಿಗೆ ಊರಲ್ಲಿ ಒಂದು ಸಿನಿಮಾ ನೋಡಿ ದೋಸೆಯೂ ತಿನ್ನಬಹುದಿತ್ತಲ್ಲ ಮಾರಾಯ!” ಎಂದರು. ಆದರೂ ಜೇಬಿಗೆ ಮತ್ತೆ ಕೈಹಾಕಿದರು.

ಮರೆತುಹೋದ ಆಟಗಳು

ಮೊದಲನೆಯದು ‘ಪೆಂಗೋ’. 1982ರಲ್ಲಿ ಸೇಗಾ ಕಂಪನಿ ತಂದ ಆಟ. ಮಂಜುಗಡ್ಡೆಯ ಚೌಕಗಳಿಂದಾದ ಚಕ್ರವ್ಯೂಹದಲ್ಲಿ ಒಂದು ಕೆಂಪು ಪೆಂಗ್ವಿನ್. ಬೆನ್ನಟ್ಟುವ ಹುಳಗಳ ಮೇಲೆ ಗಡ್ಡೆಯನ್ನು ದೂಡಿ ಅಪ್ಪಚ್ಚಿ ಮಾಡಬೇಕು. ವಜ್ರದ ಗುರುತಿನ ಮೂರು ಗಡ್ಡೆಗಳನ್ನು ಒಂದೇ ಸಾಲಿಗೆ ತಂದರೆ ಭಾರೀ ಬೋನಸ್. ಹೊರಗೆ ಏಪ್ರಿಲ್-ಮೇ ತಿಂಗಳ ಸೆಕೆ, ಪಕ್ಕದಲ್ಲಿ ಮಂಜಿನ ಅಂಗಳ, ಕೈಯಲ್ಲಿ ಪೆಂಗ್ವಿನ್. ದುಬೈಯಲ್ಲಿ ಪೆಂಗ್ವಿನ್ ಎಂಬುದು ಅಂದು ನಗೆಯ ಮಾತು. 2005ರಲ್ಲಿ ಸ್ಕೀ ದುಬೈ ಬಂತು, 2012ರಲ್ಲಿ ಅಲ್ಲಿಗೆ ನಿಜವಾದ ಪೆಂಗ್ವಿನ್‌ಗಳೇ ಬಂದವು!

ಎರಡನೆಯದು ‘ಲೇಡಿ ಬಗ್’, 1981ರದು, ಯೂನಿವರ್ಸಲ್ ಎಂಬ ಜಪಾನೀ ಕಂಪನಿಯದು. ನೋಡಲು ಪ್ಯಾಕ್‌ಮ್ಯಾನ್‌ನ ತಂಗಿಯಂತೆ. ಆದರೆ ಇಲ್ಲಿನ ಗೋಡೆಗಳಲ್ಲಿ ತಿರುಗುವ ಬಾಗಿಲುಗಳಿವೆ. ಹಿಂದೆ ಬರುವ ಶತ್ರುವಿನ ಮುಖಕ್ಕೆ ಬಾಗಿಲು ತಿರುಗಿಸಿ ದಾರಿ ಮುಚ್ಚಬಹುದು. ದಾರಿಯಲ್ಲಿ ಬಣ್ಣ ಬದಲಿಸುವ ಅಕ್ಷರಗಳನ್ನು ಸರಿಯಾದ ಬಣ್ಣದಲ್ಲಿರುವಾಗಲೇ ಹಿಡಿದು ‘ಎಕ್ಸ್‌ಟ್ರಾ’ ಎಂಬ ಪದ ಪೂರ್ತಿ ಮಾಡಿದರೆ ಇನ್ನೊಂದು ಜೀವ. ಅವಸರ ಪಡದೆ ಕಾಯುವವನಿಗೆ ಒಲಿಯುವ ಆಟ ಅದು.

ಮೂರನೆಯದು ‘ಫೀನಿಕ್ಸ್’, 1980. ಹಕ್ಕಿಗಳನ್ನು ಹೊಡೆಯುವ ಆಟ, ಕೊನೆಗೊಂದು ದೊಡ್ಡ ಹಡಗು. ಇದರ ವಿಶೇಷ ಸಂಗೀತ. ನಡುವೆ ಬರುವ ಒಂದು ಪುಟ್ಟ ರಾಗ ಬೀಥೋವನ್‌ನ ‘ಫ್ಯೂರ್ ಎಲೀಸ್’ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ನನ್ನ ಗುರು ಒಂದು ದಿರ್ಹಮಿನ ಪೆಟ್ಟಿಗೆ!

ಇನ್ನು ಎಲ್ಲಕ್ಕಿಂತ ವಿಚಿತ್ರವಾದದ್ದು ನಿಚಿಬುತ್ಸು ಕಂಪನಿಯ 1980ರ ‘ಕ್ರೇಜಿ ಕ್ಲೈಂಬರ್’. ಒಬ್ಬ ಮನುಷ್ಯ ಬರಿಗೈಯಲ್ಲಿ ಗಗನಚುಂಬಿ ಹತ್ತಬೇಕು. ಇದರಲ್ಲಿ ಗುಂಡಿಯೇ ಇಲ್ಲ. ಎರಡು ಹಿಡಿಗಳು, ಒಂದು ಎಡಗೈಗೆ, ಒಂದು ಬಲಗೈಗೆ. ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಎಳೆಯುತ್ತಾ ಕಿಟಕಿಯಿಂದ ಕಿಟಕಿಗೆ ಏರಬೇಕು. ಕಿಟಕಿಗಳು ಮುಚ್ಚಿಕೊಳ್ಳುತ್ತವೆ, ಮನೆಯವರು ಹೂಕುಂಡ ಎಸೆಯುತ್ತಾರೆ, ಹದ್ದು ಬರುತ್ತದೆ, ಗೊರಿಲ್ಲಾ ಗುದ್ದುತ್ತದೆ. ತುದಿ ಮುಟ್ಟಿದರೆ ಹೆಲಿಕಾಪ್ಟರ್ ಕಾದಿರುತ್ತದೆ.

ನನಗೆ ಎರಡು ಕೈಗಳ ಲಯ ಹೊಂದಲೇ ಇಲ್ಲ. ಎರಡನೆಯ ಶುಕ್ರವಾರ ಅಪ್ಪ, “ಒಂದು ಕೈ ನನಗೆ ಕೊಡು” ಎಂದು ಎಡಗಡೆಯ ಹಿಡಿ ಹಿಡಿದುಕೊಂಡರು. ಬಲಗಡೆಯದು ನನಗೆ. “ನೀನು... ನಾನು... ನೀನು... ನಾನು...” ಎಂದು ಎಣಿಸುತ್ತಾ ಏರಿದೆವು. ಹೂಕುಂಡ ಬಿದ್ದು ಕೆಳಗುರುಳಿದೆವು. ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆರು ಶುಕ್ರವಾರಗಳಲ್ಲಿ ನಾವು ಒಮ್ಮೆಯೂ ಆ ಹೆಲಿಕಾಪ್ಟರ್ ಮುಟ್ಟಲಿಲ್ಲ. ಆದರೆ ಆರನೆಯ ಶುಕ್ರವಾರದ ಹೊತ್ತಿಗೆ ಕ್ಯಾಸೆಟ್ಟಿನ ದನಿ ಹೋಗಿ ನನಗೊಬ್ಬ ಅಪ್ಪ ಸಿಕ್ಕಿದ್ದರು. 2011ರ ಮಾರ್ಚಿನಲ್ಲಿ ಫ್ರಾನ್ಸಿನ ಅಲೆನ್ ರಾಬರ್ಟ್ 828 ಮೀಟರಿನ ಬುರ್ಜ್ ಖಲೀಫಾವನ್ನು ಆರು ಗಂಟೆಗಳಲ್ಲಿ ಏರಿದಾಗ ಇಡೀ ದುಬೈ ತಲೆಯೆತ್ತಿ ನೋಡಿತು. ನನಗೆ ನೆನಪಾದದ್ದು “ನೀನು... ನಾನು...” ಎಂಬ ಎಣಿಕೆ.

ಜಪಾನಿನವರ ಅರೇಬಿಯಾ

ಈ ಆಟಗಳಲ್ಲಿ ಅರಬ್ ದೇಶವೂ ಇತ್ತು ಎಂದರೆ ಆಶ್ಚರ್ಯವಾದೀತು. 1982ರಲ್ಲಿ ಸೇಗಾ ‘ಅಲಿಬಾಬಾ ಮತ್ತು 40 ಕಳ್ಳರು’ ಎಂಬ ಆಟ ತಂದಿತು. ತನ್ನ ಹಣ ಕದಿಯಲು ಬರುವ ಕಳ್ಳರನ್ನು ಅಲಿಬಾಬಾ ಓಡಿಸಬೇಕು. 1983ರಲ್ಲಿ ಸನ್ ಎಲೆಕ್ಟ್ರಾನಿಕ್ಸ್ ‘ಅರೇಬಿಯನ್’ ಎಂಬುದನ್ನು ತಂದಿತು. ರಾಜಕುಮಾರನೊಬ್ಬ ಅಕ್ಷರ ಬರೆದ ಹೂಜಿಗಳನ್ನು ಆರಿಸುತ್ತಾ, ಹಾರುವ ಚಾಪೆಗಳನ್ನು ದಾಟಿ, ಅರಮನೆಯಿಂದ ರಾಜಕುಮಾರಿಯನ್ನು ಬಿಡಿಸಬೇಕು. ಆ ಎರಡನ್ನೂ ನಾನು ನೋಡಿದ್ದು ಬಹಳ ವರ್ಷಗಳ ನಂತರ, ಕಂಪ್ಯೂಟರಿನಲ್ಲಿ. ಜಪಾನಿನವರ ಕಲ್ಪನೆಯ ಅರೇಬಿಯಾದಲ್ಲಿ ಚಾಪೆ ಹಾರುತ್ತಿತ್ತು. ಅವರೇ ಮಾಡಿ ಕಳಿಸಿದ ಟೊಯೋಟಾ ಪಿಕಪ್ಪುಗಳು ನಿಜವಾದ ಅರೇಬಿಯಾದಲ್ಲಿ ಸಿಮೆಂಟು ಹೊರುತ್ತಿದ್ದವು. ಆ ಸಿಮೆಂಟಿನ ಕೆಲಸದಲ್ಲಿ ನಮ್ಮ ಊರಿನವರೂ ಇದ್ದರು. ಅವರ ಬಗ್ಗೆ ಯಾರೂ ಆಟ ಮಾಡಲಿಲ್ಲ.

ಈಗ ಸ್ವಲ್ಪ ವೈದ್ಯಕೀಯ

ಸಂಪಾದಕರಿಗೆ ಕೊಟ್ಟ ಮಾತಿನಂತೆ. 1981ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ‘ಸ್ಪೇಸ್ ಇನ್ವೇಡರ್ಸ್ ಮಣಿಕಟ್ಟು’ ಎಂಬ ನೋವಿನ ಬಗ್ಗೆ ಒಂದು ಪತ್ರ ಪ್ರಕಟವಾಯಿತು. 1982ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ‘ಡಾರ್ಕ್ ವಾರಿಯರ್ ಎಪಿಲೆಪ್ಸಿ’ ಎಂಬ ವರದಿ ಬಂತು. ಪರದೆಯ ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರಬಹುದೆಂಬ ಎಚ್ಚರಿಕೆ ಅದು. ತಮಾಷೆಯೆಂದರೆ ‘ಡಾರ್ಕ್ ವಾರಿಯರ್’ ಎಂಬ ಆ ಆಟವನ್ನು ಆಡಿದವರೇ ಅದನ್ನು ಮರೆತಿದ್ದಾರೆ. ಅದರ ಹೆಸರು ಬದುಕಿರುವುದು ವೈದ್ಯರ ಪತ್ರಿಕೆಯಲ್ಲಿ!

ಇಂದಿನ ಚಿಂತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ‘ಗೇಮಿಂಗ್ ಡಿಸಾರ್ಡರ್’ ಕೂಡ ಇದೆ. ಮಗ ಮೊಬೈಲ್ ಬಿಡುವುದಿಲ್ಲ ಎಂದು ದೂರುವ ತಾಯಂದಿರು ನನ್ನ ಬಳಿಗೂ ಬರುತ್ತಾರೆ. ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಓದು, ನಿದ್ದೆ, ಮನೆಯವರ ಒಡನಾಟ ತಿಂಗಳುಗಟ್ಟಲೆ ಕೆಟ್ಟಾಗ ಮಾತ್ರ ಅದಕ್ಕೆ ಆ ಹೆಸರು. ಹಳೆಯ ಪೆಟ್ಟಿಗೆಯಲ್ಲಿ ಒಂದು ಕಡಿವಾಣ ತಾನಾಗಿಯೇ ಇತ್ತು: ಅಪ್ಪನ ಜೇಬು. ನಾಣ್ಯ ಮುಗಿದರೆ ಆಟ ಮುಗಿಯಿತು, ಎಲ್ಲರೂ ಮನೆಗೆ. ಇನ್ನೊಂದು ಗುಣವೂ ಇತ್ತು. ಆಡುವವನ ಬೆನ್ನ ಹಿಂದೆ ಯಾರಾದರೂ ನಿಂತು ನೋಡುತ್ತಿದ್ದರು.

ಮೂರು ಅಕ್ಷರ

1979ರ ‘ಸ್ಟಾರ್ ಫೈರ್’ ಎಂಬ ಆಟದಿಂದ ಒಂದು ಹೊಸ ಪದ್ಧತಿ ಶುರುವಾಯಿತು. ಹೆಚ್ಚು ಅಂಕ ಗಳಿಸಿದವನು ಪರದೆಯಲ್ಲಿ ತನ್ನ ಹೆಸರಿನ ಮೂರಕ್ಷರ ಬರೆಯಬಹುದು. ಬೇರೆ ದೇಶದ ಹುಡುಗರು ಯಾವ ಮೂರಕ್ಷರ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದರು. ನಮಗೆ ಆ ತೊಂದರೆಯೇ ಇಲ್ಲ. ಇನಿಷಿಯಲ್ ನಮ್ಮ ಹುಟ್ಟಿನೊಂದಿಗೇ ಬಂದದ್ದು: ಊರಿನದೊಂದು, ಅಪ್ಪನದೊಂದು, ನಮ್ಮದೊಂದು. ಪೆಂಗೋದಲ್ಲಿ ಒಂದು ಶುಕ್ರವಾರ ನನ್ನ ಮೂರಕ್ಷರ ಪಟ್ಟಿಯ ಮೇಲೇರಿತು. ಮುಂದಿನ ಶುಕ್ರವಾರ ಓಡಿಹೋಗಿ ನೋಡಿದರೆ ಇರಲಿಲ್ಲ. ಅಂದಿನ ಬಹುಪಾಲು ಯಂತ್ರಗಳಿಗೆ ನೆನಪಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ರಾತ್ರಿ ಪ್ಲಗ್ ಕಿತ್ತರೆ ಎಲ್ಲವೂ ಅಳಿಸಿಹೋಗುತ್ತಿತ್ತು.

ಈ ನೆಲದಲ್ಲಿ ನಮ್ಮ ಬದುಕೂ ಬಹುಮಟ್ಟಿಗೆ ಹಾಗೆಯೇ. ಅಪ್ಪ ಇಪ್ಪತ್ತೆರಡು ವರ್ಷ ದುಡಿದು 1998ರಲ್ಲಿ ವೀಸಾ ರದ್ದು ಮಾಡಿಸಿ ಊರಿಗೆ ಮರಳಿದರು. ಅವರು ಕೆಲಸ ಮಾಡಿದ ಕಂಪನಿ ಇಂದು ಇಲ್ಲ, ಆ ಕಟ್ಟಡವೂ ಇಲ್ಲ. ನಾನು ಎಂ.ಡಿ. ಮುಗಿಸಿ 1999ರಲ್ಲಿ ಅಬುಧಾಬಿಗೆ ಬಂದೆ. ಸಂಜೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಕಾರ್ನಿಷ್‌ನ ವೊಲ್ಕೇನೋ ಫೌಂಟನ್ 2004ರಲ್ಲಿ ನೆಲಸಮವಾಯಿತು. ನಾವಿದ್ದ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಇಂದು ಅಲ್ ಝಾಹಿಯಾ ಎಂದು ಹೆಸರು. ಪೆಂಗೋ ಮಾಡಿದ ಸೇಗಾ ಹೆಸರಿನಲ್ಲೇ ದುಬೈ ಮಾಲ್‌ನಲ್ಲಿ 2009ರಲ್ಲಿ ತೆರೆದ ಸೇಗಾ ರಿಪಬ್ಲಿಕ್ ಕೂಡ 2017ರಲ್ಲಿ ಬಾಗಿಲು ಹಾಕಿತು. ಇದು ದೂರಲ್ಲ. ಬೆಳೆಯುವ ಊರು ಹಳೆಯದನ್ನು ಕೆಡವಿಯೇ ಬೆಳೆಯುತ್ತದೆ, ಆ ಬೆಳವಣಿಗೆಯಿಂದಲೇ ನಮ್ಮ ಅನ್ನ.

ಆದರೆ ಆಟಗಳನ್ನು ಉಳಿಸಿದವರು ಇದ್ದಾರೆ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ತಂತ್ರಾಂಶ ಬರೆದರು. ಹಳೆಯ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವೋ ಹಾಗೆಯೇ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಿ, ಅವು ಮರೆಯಾಗದಂತೆ ದಾಖಲಿಸುವುದು ಅದರ ಉದ್ದೇಶ. ಅದು ಮೊದಮೊದಲು ಉಳಿಸಿಕೊಂಡ ಆಟಗಳಲ್ಲೇ ನಮ್ಮ ಪೆಂಗೋ, ಲೇಡಿ ಬಗ್ ಇದ್ದವು. ಆಮೇಲೆ ಜಗತ್ತಿನ ನಾನಾ ಕಡೆಯ ಹವ್ಯಾಸಿಗಳು ಕೈಜೋಡಿಸಿ ಸಾವಿರಾರು ಆಟಗಳನ್ನು ಸೇರಿಸಿದರು. ಯಾರೂ ಕೇಳದ, ಯಾರಿಗೂ ಬೇಡವಾದ ಆಟಗಳನ್ನೂ ಬಿಡಲಿಲ್ಲ. ನನ್ನ ಮಗನಿಗೆ ಲೇಡಿ ಬಗ್ ತೋರಿಸಿದಾಗ ಅವನು ಕೇಳಿದ್ದು, “ಅಪ್ಪಾ, ಇದರಲ್ಲಿ ಸೇವ್ ಮಾಡೋದು ಎಲ್ಲಿ?” ಎಂದು. ಸೇವ್ ಇಲ್ಲ ಮಗಾ, ನಾವೇ ನೆನಪಿಟ್ಟುಕೊಳ್ಳಬೇಕು ಎಂದೆ.

ಆಟಗಳಿಗೆ ಸಿಕ್ಕಿದ ಈ ಭಾಗ್ಯ ನಮ್ಮ ಹಿರಿಯರ ಗಲ್ಫ್ ದಿನಗಳಿಗೂ ಸಿಗಬೇಡವೇ? ಎಪ್ಪತ್ತು-ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದವರು ಊರಿನಲ್ಲಿ ಇಂದಿಗೂ ಇದ್ದಾರೆ. ಯಾವ ಬೀದಿಯಲ್ಲಿದ್ದಿರಿ, ಎಷ್ಟು ಜನ ಒಂದು ಕೋಣೆಯಲ್ಲಿ, ಶುಕ್ರವಾರ ಏನು ಮಾಡುತ್ತಿದ್ದಿರಿ ಎಂದು ಕೇಳಿ ಬರೆದಿಡೋಣ. ಆ ಹಳೆಯ ಕ್ಯಾಸೆಟ್ಟುಗಳು ಅಟ್ಟದಲ್ಲಿದ್ದರೆ ಬೂಷ್ಟು ಹಿಡಿಯುವ ಮುನ್ನ ಕಂಪ್ಯೂಟರಿಗೆ ಇಳಿಸೋಣ. ದೊಡ್ಡವರ ಚರಿತ್ರೆ ಬರೆಯಲು ಜನರಿದ್ದಾರೆ; ನಮ್ಮವರ ಮೂರಕ್ಷರಗಳನ್ನು ನಾವೇ ಬರೆಯಬೇಕು. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ವರ್ಷಕ್ಕೆ ನಾಲ್ಕು ಪುಟ ಇದಕ್ಕೆಂದೇ ಮೀಸಲಾದರೆ ಹತ್ತು ವರ್ಷದಲ್ಲಿ ಒಂದು ಒಳ್ಳೆಯ ಪುಸ್ತಕವೇ ಆದೀತು.