ಸಶೇಷ

ಮಾಸಪತ್ರಿಕೆಗಳಲ್ಲಿ ಕಾದಂಬರಿಗಳು ಕಂತುಕಂತಾಗಿ ಬರುವಾಗ ಪ್ರತಿಯೊಂದು ಕಂತಿನ ಅಡಿಯಲ್ಲಿಯೂ ಕಂಸದೊಳಗೆ ಒಂದು ಸಣ್ಣ ಶಬ್ದವನ್ನು ಅಚ್ಚುಹಾಕುವ ಪದ್ಧತಿಯುಂಟು: 'ಸಶೇಷ'. ಶೇಷದೊಡನೆ ಕೂಡಿದುದು, ಇನ್ನೂ ಉಳಿದಿರುವುದು ಎಂದರ್ಥ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹುಡುಗರಿಗೆ ಸಮಾಸಗಳನ್ನು ಬಿಡಿಸಿ ಹೇಳಿದವನಾದುದರಿಂದ ನನಗೆ ಈ ಪದದಲ್ಲಿ ಸ್ವಲ್ಪ ಮೋಹ ಹೆಚ್ಚು. ದೂರದರ್ಶನದ ಧಾರಾವಾಹಿಗಳೂ ಮೊನ್ನೆಮೊನ್ನೆಯವರೆಗೆ ಸಶೇಷವಾಗಿಯೇ ಬರುತ್ತಿದ್ದುವು. ಈಗ ಅಂತರ್ಜಾಲದ ಮಾರ್ಗವಾಗಿ ಮನೆಗೆ ಬರುವ ನಾಟಕಗಳು ಅನೇಕವಾಗಿ ನಿಃಶೇಷವಾಗಿಯೇ ಬಂದುಬಿಡುತ್ತವೆ. ಇದರಿಂದ ನಾಟಕಕ್ಕೂ ಅದನ್ನು ನೋಡುವ ಸಂಸಾರಕ್ಕೂ ಏನಾಯಿತೆಂಬುದನ್ನು ವಾಚಕರೊಡನೆ ಕೊಂಚ ವಿಚಾರಿಸಬೇಕೆಂದಿದ್ದೇನೆ.

೧೯೮೭ನೆಯ ಇಸವಿ ಜನವರಿ ೨೫ರಂದು ರಾಮಾನಂದ ಸಾಗರರ 'ರಾಮಾಯಣ'ವು ಪ್ರಾರಂಭವಾಯಿತು. ಮರುವರ್ಷದ ಜುಲೈ ತಿಂಗಳ ಕೊನೆಯವರೆಗೆ ಭಾನುವಾರ ಬೆಳಿಗ್ಗೆ ೭೮ ಸಂಚಿಕೆಗಳು ನಡೆದುವು. ನಾನು ಆಗಷ್ಟೇ ಉಪಾಧ್ಯಾಯ ವೃತ್ತಿಗೆ ಸೇರಿದ್ದೆ. ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಪೆಟ್ಟಿಗೆ. ಹಿಂದಿಯ ಗಂಧವಿಲ್ಲದ ಮುದುಕಿಯರೂ ಮಡಿಸೀರೆಯಲ್ಲಿಯೇ ಬಂದು ಗೋಡೆಗೊರಗಿ ಕುಳಿತು ನೋಡುವರು. ನೋಡುವ ಕಾಲವು ಹೆಚ್ಚೆಂದರೆ ಮುಕ್ಕಾಲು ಗಂಟೆ. ಆಡುವ ಮಾತು ಮುಂದಿನ ಭಾನುವಾರದವರೆಗೆ.

ಆ ಮಾತಿನ ಬೆಲೆಯನ್ನು ನಾನು ಚೆನ್ನಾಗಿ ಕಂಡುದು ೧೯೯೮ರಲ್ಲಿ, ಟಿ. ಎನ್. ಸೀತಾರಾಮ್ ಮತ್ತು ಅವರ ಮಿತ್ರರ 'ಮಾಯಾಮೃಗ'ವು ಬೆಂಗಳೂರು ದೂರದರ್ಶನದಲ್ಲಿ ಬರುತ್ತಿದ್ದಾಗ. ನನ್ನ ಅಕ್ಕ ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು ಅಂದಿನಿಂದಲೂ ನಮ್ಮ ಮನೆಯಲ್ಲಿಯೇ ಇರತಕ್ಕವಳು. ಸಂಚಿಕೆಯು ಮುಗಿದೊಡನೆ ಆಕೆಯೂ ನೆರೆಯ ಮೂವರು ಗೃಹಿಣಿಯರೂ ಹಿತ್ತಲಿನ ಬಾವಿಕಟ್ಟೆಯ ಬಳಿ ಸೇರುವರು. ಆ ಹುಡುಗಿ ಹಾಗೆ ಮಾಡಬಹುದಿತ್ತೇ, ಆ ತಂದೆ ಇಷ್ಟು ಹಟ ಹಿಡಿಯಬಹುದೇ ಎಂದು ಚರ್ಚೆ. ಕಿಟಕಿಯ ಬಳಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತ ನನಗೆ ಕ್ರಮೇಣ ಒಂದು ವಿಷಯ ಹೊಳೆಯಿತು. ಅವರು ಆಡುತ್ತಿದ್ದುದು ಧಾರಾವಾಹಿಯ ಮಾತಷ್ಟೇ ಅಲ್ಲ. ಪಾತ್ರದ ನೆವದಿಂದ ಒಬ್ಬಾಕೆ ತನ್ನ ಸೊಸೆಯ ವಿಷಯವನ್ನೂ, ಇನ್ನೊಬ್ಬಾಕೆ ಗಂಡನ ಸಾಲದ ವಿಷಯವನ್ನೂ ಹೇಳಿಕೊಳ್ಳುತ್ತಿದ್ದಳು. ತನ್ನ ವೈಧವ್ಯದ ವಿಷಯವನ್ನು ನಮ್ಮಲ್ಲಿ ಎಂದೂ ಎತ್ತದಿದ್ದ ಅಕ್ಕ ಅಲ್ಲಿ, ಯಾವುದೋ ಪಾತ್ರದ ಪರವಾಗಿ ವಾದಿಸುತ್ತ, ಅದನ್ನು ಎತ್ತಿದುದನ್ನು ನಾನು ಕೇಳಿದ್ದೇನೆ. ಇವೆಲ್ಲ ನಡೆಯುತ್ತಿದ್ದುದು ಒಂದು ಸಂಚಿಕೆಗೂ ಮತ್ತೊಂದು ಸಂಚಿಕೆಗೂ ನಡುವಣ ತೆರವಿನಲ್ಲಿ.

ನಮ್ಮ ಪ್ರಾಚೀನರು ಈ ತೆರವನ್ನು ಬಲ್ಲವರಾಗಿದ್ದರು. ಭವಭೂತಿಯ 'ಉತ್ತರರಾಮಚರಿತ'ದಲ್ಲಿ ಮೊದಲನೆಯ ಅಂಕಕ್ಕೂ ಎರಡನೆಯದಕ್ಕೂ ನಡುವೆ ಹನ್ನೆರಡು ವರ್ಷಗಳು ಕಳೆಯುತ್ತವೆ. ಆ ನಡುವೆ ನಡೆದುದನ್ನು ಆತ್ರೇಯಿಯೂ ವನದೇವತೆಯೂ ಮಾತನಾಡಿಕೊಳ್ಳುವ ಒಂದು ಸಣ್ಣ ವಿಷ್ಕಂಭದಲ್ಲಿ ತಿಳಿಸುತ್ತಾನೆ. ಧಾರಾವಾಹಿಯ ಆರಂಭದಲ್ಲಿ ಬರುವ 'ಇದುವರೆಗಿನ ಕಥೆ' ಎಂಬುದು ವಿಷ್ಕಂಭದ ಬಡ ಮೊಮ್ಮಗ. ಈಗಿನ ಯಂತ್ರಗಳಲ್ಲಿ ಅದನ್ನು ಹಾರಿಸಿಬಿಡುವುದಕ್ಕೆ ಗುಂಡಿಯೊಂದನ್ನು ಇಟ್ಟಿದ್ದಾರೆ. ಹಿಂದಿನದನ್ನು ಐದು ನಿಮಿಷದ ಕೆಳಗೆ ನೋಡಿ ಮುಗಿಸಿದವನಿಗೆ ಜ್ಞಾಪಿಸತಕ್ಕದ್ದೇನಿದೆ?

ಈ ಪದ್ಧತಿಯನ್ನು ಲೋಕಪ್ರಸಿದ್ಧವಾಗಿ ಮಾಡಿದುದು ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ. ೧೯೯೭ರಲ್ಲಿ ಸ್ಥಾಪಿತವಾಗಿ, ಚಲನಚಿತ್ರಗಳ ತಟ್ಟೆಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳುಹಿಸುತ್ತಿದ್ದ ಅದು, ೨೦೦೭ರಲ್ಲಿ ಅಂತರ್ಜಾಲದ ಮೂಲಕ ಚಿತ್ರಗಳನ್ನು ಹರಿಸತೊಡಗಿತು. ೨೦೧೩ರ ಫೆಬ್ರವರಿ ೧ರಂದು 'ಹೌಸ್ ಆಫ್ ಕಾರ್ಡ್ಸ್' ಎಂಬ ರಾಜಕೀಯ ನಾಟಕದ ೧೩ ಸಂಚಿಕೆಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತು. ೨೦೧೬ರ ಜನವರಿಯಲ್ಲಿ ನಮ್ಮ ದೇಶಕ್ಕೂ ಬಂದಿತು.

ಇದರಿಂದ ನಾಟಕಕಲೆಗೆ ಲಾಭವೇ ಆಗಿಲ್ಲವೆನ್ನುವವನು ನಾನಲ್ಲ. ದಿನವಹಿ ಧಾರಾವಾಹಿಗಳ ಅವಸ್ಥೆ ವಾಚಕರಿಗೆ ತಿಳಿದೇ ಇದೆ. ಒಬ್ಬಾಕೆ ಬಾಗಿಲಲ್ಲಿ ನಿಂತು ಏನೋ ಅಂದರೆ ಸಾಕು, ಮನೆಯವರೆಲ್ಲರ ಮುಖವನ್ನೂ ಮೂರು ಮೂರು ಸಲ ಗುಡುಗಿನ ಸಮೇತ ತೋರಿಸತಕ್ಕದ್ದು. ಜಾಹೀರಾತು ಬರುತ್ತಿರುವವರೆಗೆ ಕಥೆಗೆ ಮರಣವಿಲ್ಲ; ತಾಳಿ ಕಟ್ಟುವುದಕ್ಕೆ ಎತ್ತಿದ ಕೈ ವಾರಗಟ್ಟಲೆ ಆಕಾಶದಲ್ಲಿಯೇ ಇರುವುದು! ಅಂತರ್ಜಾಲದ ನಾಟಕವು ಎಂಟು ಹತ್ತು ಸಂಚಿಕೆಗಳೊಳಗೆ ತನ್ನ ಮಾತನ್ನು ಮುಗಿಸಬಲ್ಲದು. ಒಂದು ಸಂಚಿಕೆ ಅರ್ಧ ಗಂಟೆಯದಾದರೆ ಮತ್ತೊಂದು ಒಂದು ಗಂಟೆಯದಾಗಬಹುದು. ಮೊದಲ ಸಂಚಿಕೆಯಲ್ಲಿ ಬಿತ್ತಿದ ಬೀಜವು ಏಳನೆಯದರಲ್ಲಿ ಮೊಳೆಯಬಹುದು. ನೋಡುವವನು ಅದನ್ನು ಮರೆತಿರುವುದಿಲ್ಲ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂಬ ಪಂಚಸಂಧಿಗಳನ್ನು ದಿನವಹಿ ಧಾರಾವಾಹಿಯಲ್ಲಿ ಹುಡುಕಿದರೆ ಗರ್ಭದಲ್ಲಿಯೇ ನಿಂತುಹೋಗಬೇಕು. ಇಲ್ಲಿ ನಿರ್ವಹಣದ ದರ್ಶನವಾದರೂ ಉಂಟು.

ಆದರೆ ಯಜಮಾನಿಕೆ ಬದಲಾಯಿಸಿತೇ ಹೊರತು ಹೋಗಲಿಲ್ಲ. ಒಂದು ಸಂಚಿಕೆ ಮುಗಿದು ನಾವು ಕಣ್ಣುಜ್ಜಿಕೊಳ್ಳುವುದರೊಳಗೆ ಮುಂದಿನದು ತಾನಾಗಿಯೇ ಆರಂಭವಾಗುತ್ತದೆ. ಯಾವ ಕ್ಷಣದಲ್ಲಿ ನಾವು ಎದ್ದುಹೋದೆವೆಂಬುದು ಸಂಸ್ಥೆಗೆ ತಿಳಿಯುತ್ತದೆ. ನಾಟಕ ಬರೆಯುವವರಿಗೆ ಮಾತ್ರ ತಮ್ಮ ಕೃತಿಯನ್ನು ಎಷ್ಟು ಮಂದಿ ನೋಡಿದರೆಂಬುದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ೨೦೨೩ರಲ್ಲಿ ಅಮೆರಿಕದ ಚಿತ್ರಲೇಖಕರು ೧೪೮ ದಿನ ಮುಷ್ಕರ ಹೂಡಿದುದಕ್ಕೆ ಇದೂ ಒಂದು ಕಾರಣ. ಕನ್ನಡಕ್ಕಂತೂ ಈ ಹೊಸ ಬಾಗಿಲು ಬಹಳ ಕಿರಿದು. ನಮ್ಮ ಕರಾವಳಿಯ ಏಳು ಬಿಡಿ ಕಥೆಗಳ 'ಏಕಂ' ಎಂಬ ಮಾಲಿಕೆಯನ್ನು ದೊಡ್ಡ ಸಂಸ್ಥೆಗಳು ಕೊಳ್ಳಲಿಲ್ಲವಾಗಿ, ಅದನ್ನು ಅರ್ಪಿಸಿದ ರಕ್ಷಿತ್ ಶೆಟ್ಟಿಯವರೂ ಅವರ ಬಳಗದವರೂ ೨೦೨೪ರ ಜುಲೈಯಲ್ಲಿ ಸ್ವಂತ ಜಾಲತಾಣವೊಂದನ್ನು ಮಾಡಿಯೇ ತೋರಿಸಬೇಕಾಯಿತು. ಊರೆಲ್ಲ ಸಂತೆಯಿದ್ದರೂ ನಮ್ಮ ಅಂಗಡಿಯನ್ನು ನಮ್ಮ ಜಗಲಿಯ ಮೇಲೆಯೇ ಹಾಕಿಕೊಳ್ಳಬೇಕಾದ ಸ್ಥಿತಿ.

ಇನ್ನು ಮನೆಯ ಮಾತು. ನಮ್ಮಲ್ಲಿ ಈಗ ಐದು ಮಂದಿ, ಐದು ತೆರೆಗಳು. ಮಗನು ಆರನೆಯ ಸಂಚಿಕೆಯಲ್ಲಿರುವನು, ಸೊಸೆಯು ಮೂರನೆಯದರಲ್ಲಿ. ಊಟಕ್ಕೆ ಕುಳಿತಾಗ ಒಬ್ಬರು ಬಾಯಿ ತೆರೆದರೆ ಮತ್ತೊಬ್ಬರು 'ಹೇಳಬೇಡಿ, ಹೇಳಬೇಡಿ' ಎಂದು ಕಿವಿ ಮುಚ್ಚಿಕೊಳ್ಳುವರು. ಕಥೆಯು ಮೊದಲೇ ತಿಳಿದರೆ ರಸಭಂಗವಾಗುವುದಂತೆ. ನಮ್ಮೂರ ದೇವಸ್ಥಾನದಲ್ಲಿ ಗಮಕಿಗಳು ಕುಮಾರವ್ಯಾಸನ ಸಭಾಪರ್ವವನ್ನು ಓದುವಾಗ ದ್ರೌಪದಿಯ ಮಾನವು ಉಳಿಯುವುದೆಂಬುದನ್ನು ಅರಿಯದವರು ಯಾರಿದ್ದರು? ಆದರೂ ಕಣ್ಣೊರಸಿಕೊಳ್ಳದವರಿರಲಿಲ್ಲ. ಈ ವಾದವನ್ನು ಮಗನ ಮುಂದಿಟ್ಟೆ. ಅವನು ನಕ್ಕು ತಟ್ಟೆ ತೆಗೆದುಕೊಂಡು ಕೋಣೆಗೆ ಹೋದನು.

ಅಕ್ಕನಿಗೆ ಈಗ ಎಪ್ಪತ್ತು ಕಳೆದಿದೆ, ಕಿವಿ ಮಂದ. ಕೇಳದೆ ಹೋದ ಮಾತನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದೆಂಬುದು ಆಕೆಗೆ ದೊಡ್ಡ ಉಪಕಾರವಾಗಿದೆ. ಇದನ್ನು ನಾನು ಒಪ್ಪಲೇಬೇಕು. ಕಳೆದ ವರ್ಷ ಸೊಸೆಯು ಯೂಟ್ಯೂಬಿನಲ್ಲಿ 'ಮಾಯಾಮೃಗ'ವನ್ನು ಹುಡುಕಿಕೊಟ್ಟಳು. ಅಕ್ಕನ ಸಂತೋಷಕ್ಕೆ ಪಾರವಿಲ್ಲ. ನಿದ್ರೆ ಬಾರದ ರಾತ್ರಿಗಳಲ್ಲಿ ಒಂದೊಂದು ಸಲಕ್ಕೆ ಆರೇಳು ಸಂಚಿಕೆಗಳು. ಆದರೆ ಬೆಳಿಗ್ಗೆ ಅಡಿಗೆಮನೆಗೆ ಬಂದು ಯಾವುದೋ ಪಾತ್ರದ ಮಾತೆತ್ತಿ ನಿಂತರೆ ಮರುಮಾತನಾಡುವವರಿಲ್ಲ. ಬಾವಿಕಟ್ಟೆಯ ಮೂವರಲ್ಲಿ ಒಬ್ಬರು ಕಾಲವಾದರು, ಒಬ್ಬರು ಮಗನೊಡನೆ ಪುಣೆಯಲ್ಲಿದ್ದಾರೆ, ಮತ್ತೊಬ್ಬರಿಗೆ ಕಣ್ಣು ಕಾಣದು. ಒಂದು ದಿನ ಅಕ್ಕ, 'ಆಗ ಇದು ಇನ್ನೂ ಚೆನ್ನಾಗಿತ್ತು ಕಣೋ' ಎಂದಳು. ಅದೇ ಚಿತ್ರ, ಅದೇ ಸಂಭಾಷಣೆ, ಒಂದಕ್ಷರವೂ ವ್ಯತ್ಯಾಸವಿಲ್ಲ.

ಅಂದಿನಿಂದ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಸಂಧ್ಯಾವಂದನೆಯಾದ ಮೇಲೆ ನಾನೂ ನನ್ನ ಹೆಂಡತಿಯೂ ಅಕ್ಕನೊಡನೆ ಕುಳಿತು ದಿನಕ್ಕೆ ಒಂದೇ ಸಂಚಿಕೆಯನ್ನು ನೋಡುತ್ತೇವೆ. ಮುಂದಿನದು ತಾನಾಗಿ ಹೊರಡುವ ಮೊದಲೇ ನಿಲ್ಲಿಸುವ ಅಧಿಕಾರ ನನ್ನದು. ಬಳಿಕ ಅರ್ಧ ಗಂಟೆ ಜಗಳ. ನನ್ನ ಹೆಂಡತಿ ಮತ್ತು ಅಕ್ಕ ಒಂದು ಪಕ್ಷ, ನಾನೊಬ್ಬನೇ ಇನ್ನೊಂದು. ಏಕಾದಶಿಯ ದಿನ ಮಾತ್ರ ಎರಡು ಸಂಚಿಕೆಗಳೆಂದು ಅಕ್ಕ ರಿಯಾಯಿತಿ ಪಡೆದಿದ್ದಾಳೆ. ಜಾಗರಣೆಗೆ ಅದೂ ಸಾಲದೆಂದು ಈಗ ತಕರಾರು ನಡೆದಿದೆ.