ಎರವಲು ಹಾಡು

ಅಮಾವಾಸ್ಯೆಯಂದು ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಬರುವ ಜನ ತುಂಗಭದ್ರೆಯಲ್ಲಿ ಮಿಂದು, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ನಮಿಸಿ ಹಿಂದಿರುಗುತ್ತಾರೆ. ಈ ಸೀಮೆಯ ಹುಡುಗರಿಗೆ ಹಾಡಿನ ಹುಚ್ಚು ಹತ್ತುವುದು ಭಜನೆಯಲ್ಲಿ. ಅದು ಬಲಿಯುವುದು ಗಣೇಶೋತ್ಸವದ ರಸಮಂಜರಿಯಲ್ಲಿ.

ನಾಲ್ವರು ಗೆಳೆಯರು, ಬಾಡಿಗೆಯ ಕೀಬೋರ್ಡು, ಯಾರಿಂದಲೋ ತಂದ ಗಿಟಾರು, ಒಂದು ಜೊತೆ ತಬಲಾ: ಇಷ್ಟಾದರೆ ಆರ್ಕೆಸ್ಟ್ರಾ ಸಿದ್ಧ. ಹಾಡುಗಳೂ ಎರವಲೇ. ಚಿತ್ರಗೀತೆಯನ್ನು ಮತ್ತೆ ಮತ್ತೆ ಕೇಳಿ, ಸಾಹಿತ್ಯ ಬರೆದುಕೊಂಡು, ಶ್ರುತಿ ಹುಡುಕಿ ಹಾಡಬೇಕು. ಮೊದಲ ಸಂಜೆ ಗಾಯಕನ ಗಂಟಲೊಣಗುತ್ತದೆ, ಮೈಕು ಕಿರಿಚುತ್ತದೆ, ತಾಳ ಮುಂದೋಡುತ್ತದೆ. ದೊರೆತ ಹಣ ಬಾಡಿಗೆಗೇ ಸರಿಹೋಗುತ್ತದೆ. ನಡುರಾತ್ರಿ ಬರಿಗೈಯಲ್ಲಿ ಬಂದ ಮಗನನ್ನು ತಾಯಿ ಕೇಳುತ್ತಾಳೆ: “ಮಂದಿ ಹಾಡು ಹಾಡಿದ್ರ ಹೊಟ್ಟಿ ತುಂಬತೈತೇನೋ ತಮ್ಮಾ?”

ಪ್ರಶ್ನೆ ಸುಲಭದ್ದಲ್ಲ. ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರೂ ಮದರಾಸಿನಲ್ಲಿ ಇಂಥದೊಂದು ತಂಡ ಕಟ್ಟಿದ್ದರು. ಅದರಲ್ಲಿ ನುಡಿಸಿದ ಇಳಯರಾಜ, ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ಕೈಕೆಳಗೆ ಪಳಗಿ, 1976ರಲ್ಲಿ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರಕ್ಕೆ ತಮ್ಮದೇ ಸ್ವರ ಕೂಡಿಸಿದರು. ಎರವಲು ಹಾಡು ಅವರಿಗೆ ಪಾಠಶಾಲೆಯಾಯಿತು.

ಎಲ್ಲರಿಗೂ ಆ ಭಾಗ್ಯವಿಲ್ಲ. ಹಲವರು ಅಂಗಡಿಗೋ ಹೊಲಕ್ಕೋ ಮರಳುತ್ತಾರೆ. ಆದರೂ ಅವರ ಶ್ರಮ ವ್ಯರ್ಥವೆನ್ನಲಾಗದು. ಮರುದಿನ ಒಲೆಯ ಮುಂದೆ ಕುಳಿತ ಆ ತಾಯಿಯೇ ಅದೇ ಗೀತೆಯನ್ನು ಗುನುಗುತ್ತಾಳೆ. ಅದನ್ನು ಬರೆದವರಾರೆಂದು ಆಕೆ ಅರಿಯಳು. ಆಕೆಯ ಪಾಲಿಗೆ ಅದು ಮಗನ ಹಾಡು.